ಕಲ್ಲುಮ್ಮಕ್ಕಾಯಿ ಚಿಪ್ಪಿನಲ್ಲಿ ಗಿಟಾರಿಗೊಂದು ವೀಳ್ಯದ ಬಳ್ಳಿ: ನನ್ನ ಅನುಭವ

ಕಲ್ಲುಮ್ಮಕ್ಕಾಯಿ, ಅಂದರೆ ನಾವು ತಿನ್ನುವ ಕಡಲ ಚಿಪ್ಪುಜೀವಿ, ಅದರ ಚಿಪ್ಪಿನಲ್ಲಿ ಇನ್‌ಲೇ (ಮರದಲ್ಲಿ ಗುಳಿ ತೆಗೆದು ಚಿತ್ತಾರ ಕೂರಿಸುವ ಕೆಲಸ) ಆಗುವುದಿಲ್ಲ ಎಂದವರೇ ಜಾಸ್ತಿ. ಅವರು ಹೇಳಿದ್ದು ಸುಳ್ಳೂ ಅಲ್ಲ. ಚಿಪ್ಪು ತೆಳು, ಮೇಲಾಗಿ ಬಾಗಿರುತ್ತದೆ. ಸಪಾಟು ಮಾಡೋಣ ಅಂತ ಉಜ್ಜಿದರೆ ಒಳಗಿನ ಹೊಳೆಯುವ ಪದರವೇ ಹೋಗಿ ಸುಣ್ಣದಂಥ ಬಿಳುಪು ಉಳಿಯುತ್ತದೆ. ಮಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಗೆಳೆಯನಂತೂ "ಮಾರಾಯಾ, ತಿಂದು ಬಿಸಾಡುವುದನ್ನು ಗಿಟಾರಿಗೆ ಯಾಕೆ ಅಂಟಿಸ್ತೀಯಾ" ಅಂದಿದ್ದ. ಈಗ ಅವನೇ ನನಗೆ ಎರಡು ನೆಕ್ (ಗಿಟಾರಿನ ಉದ್ದ ಕುತ್ತಿಗೆ) ಕಳಿಸಿದ್ದಾನೆ!

ಶುರುವಾದದ್ದು ದುಡ್ಡಿನ ತಾಪತ್ರಯದಿಂದ. ಗಾನಮೇಳದಲ್ಲಿ ನುಡಿಸುವ ಹುಡುಗನೊಬ್ಬ ಐಬನೇಜ್ ಕಂಪನಿಯ ಜೆಮ್ ಗಿಟಾರಿನ ನೆಕ್ ಮೇಲಿರುವಂಥ ಬಳ್ಳಿಯ ಚಿತ್ತಾರ ಬೇಕು ಅಂತ ತನ್ನ ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ತಂದ. ಇನ್‌ಲೇಗೆ ಬಳಸುವ ಅಬಲೋನಿ ಎಂಬ ಕಡಲ ಚಿಪ್ಪಿನ ಹಾಳೆ ಹೊರದೇಶದಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ 7-8 ಸಾವಿರ ದಾಟುತ್ತಿತ್ತು. ಅವನ ಗಿಟಾರಿನ ಬೆಲೆಯೇ 13 ಸಾವಿರವೋ ಏನೋ. ಇತ್ತ ನಮ್ಮ ಕಾಸರಗೋಡು ಜಿಲ್ಲೆಯ ಪಡನ್ನ, ಚೆರುವತ್ತೂರು ಕಡೆ ಹಿನ್ನೀರಿನಲ್ಲಿ ಹಗ್ಗ ಇಳಿಬಿಟ್ಟು ಕಲ್ಲುಮ್ಮಕ್ಕಾಯಿ ಬೆಳೆಸುತ್ತಾರೆ, ಅರಿಕ್ಕಡುಕ್ಕ (ಕಲ್ಲುಮ್ಮಕ್ಕಾಯಿಗೆ ಅಕ್ಕಿ ಹಿಟ್ಟು ತುಂಬಿದ ತಿಂಡಿ) ಮಾಡುವವರ ಹಿತ್ತಿಲಲ್ಲಿ ಚಿಪ್ಪು ರಾಶಿ ಬಿದ್ದಿರುತ್ತದೆ, ಕೇಳಿದರೆ ಗೋಣಿ ತುಂಬಿ ಸುಮ್ನೆ ಕೊಡುತ್ತಾರೆ.

ಮೊದಲು ಚಿಪ್ಪನ್ನು ಇಡಿಯಾಗಿ ಎಲೆಯ ಆಕಾರಕ್ಕೆ ಕೊಯ್ಯಲು ಹೋದೆ. ಅಕ್ಕಸಾಲಿಗರ ಗರಗಸ ತಿರುವಿನಲ್ಲಿ ಸಿಕ್ಕಿಕೊಂಡರೆ ಚಿಪ್ಪು ಪದರ ಪದರವಾಗಿ ಏಳುತ್ತದೆ. ಬ್ಲೇಡು ಡಜನ್‌ಗಟ್ಟಲೆ ಮುರಿದವು. ಬಿಸಿನೀರಲ್ಲಿ ನೆನೆಸಿದೆ, ಹಿಂದಿನಿಂದ ಫೈಬರ್ ಬಟ್ಟೆ ಅಂಟಿಸಿದೆ, ಉಪಯೋಗವಿಲ್ಲ. ಚಿಪ್ಪು ತೊಳೆಯಲು ವಿನೆಗರ್ ಬೇಡವೇ ಬೇಡ, ಹೊಳಪನ್ನೇ ತಿಂದುಬಿಡುತ್ತದೆ. ಸೋಪು ನೀರು, ಆಮೇಲೆ ನಾಲ್ಕೈದು ಬಿಸಿಲು, ಅಷ್ಟು ಸಾಕು. ವಾಸನೆಗೆ ಮನೆಯವರು ಬೈದರೆ ಕೇಳಿಸಿಕೊಳ್ಳಬೇಕು.

ಕೊನೆಗೆ ಹಿಡಿದ ದಾರಿ ಇದು. ಚಿಪ್ಪನ್ನು 2-3 ಮಿ.ಮೀ. ಚೂರು ಮಾಡಿದರೆ ಬಾಗಿದ್ದು ಲೆಕ್ಕಕ್ಕೇ ಬರುವುದಿಲ್ಲ. ಸಾಮಾನ್ಯವಾಗಿ ಗುಳಿ ಒಂದೂವರೆ ಮಿ.ಮೀ. ತೆಗೆಯುತ್ತೇವಲ್ಲ, ನಾನು ಎರಡರ ಹತ್ತಿರ ಹೋಗುತ್ತೇನೆ. ಅದಕ್ಕಿಂತ ಆಳ ಬೇಡ, ಕೆಳಗೆ ಟ್ರಸ್ ರಾಡ್ (ನೆಕ್ ಬಾಗದಂತೆ ಒಳಗೆ ಹಾಕಿದ ಲೋಹದ ಸರಳು) ಇದೆ. ಚೂರುಗಳ ಹೊಳೆಯುವ ಮುಖ ಮೇಲೆ ಮಾಡಿ, ಮರದ ಮಟ್ಟಕ್ಕಿಂತ ಕೂದಲೆಳೆಯಷ್ಟು ಕೆಳಗೇ ಕೂರಿಸಿ, ಮೇಲೆ ತೆಳು ಸೂಪರ್ ಗ್ಲೂ ಹನಿ ಹನಿಯಾಗಿ ತುಂಬುವುದು. ಆಮೇಲೆ ರೇಡಿಯಸ್ ಬ್ಲಾಕಿನಿಂದ (ನೆಕ್ಕಿನ ಬಾಗಿಗೆ ಹೊಂದುವ, ಉಜ್ಜುಕಾಗದ ಅಂಟಿಸಿದ ಕಟ್ಟಿಗೆ) ಉಜ್ಜಿದಾಗ ಸವೆಯುವುದು ಗ್ಲೂ ಮಾತ್ರ, ಚಿಪ್ಪಿನ ಹೊಳಪಿಗೆ ಪೇಪರ್ ತಾಗುವುದೇ ಇಲ್ಲ. ಇಷ್ಟೇ ವಿಷಯ. ಗುಳಿಯ ಅಂಚಿಗೆ ಮೊದಲೇ ಅರಗಿನ ಪಾಲಿಶ್ ಹಚ್ಚಿ, ಇಲ್ಲವಾದರೆ ಗ್ಲೂ ನೆಕ್ ಮೇಲಿನ ಬೀಟೆ ಮರದೊಳಗೆ ಹರಿದು ಕಲೆ ಬೀಳುತ್ತದೆ. ಚೂರು ತೆಳು ಇರುವುದರಿಂದ ಅಡಿಯ ಬಣ್ಣ ಮೇಲೆ ಕಾಣುತ್ತದೆ. ಕಪ್ಪು ಬಳಿದರೆ ಒಂದು ಥರ, ಬೆಳ್ಳಿ ಬಣ್ಣಕ್ಕೆ ಇನ್ನೊಂದು ಥರ. ನಾನು ಏನು ಬಳಿಯುತ್ತೇನೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು!

ಮಳೆಗಾಲ ಇದಕ್ಕೆ ಶತ್ರು. ಜೂನ್-ಜುಲೈ ತೇವಕ್ಕೆ ಗ್ಲೂ ಮೇಲೆ ಬಿಳಿ ಮಂಜು ಕೂರುತ್ತದೆ. ಬೇಗ ಒಣಗಲಿ ಅಂತ ಆಕ್ಸಿಲರೇಟರ್ ಹೊಡೆದರೆ ನೊರೆ ಏಳುತ್ತದೆ. ಒಂದು ಇಡೀ ನೆಕ್ ಹಾಗೆ ಹಾಳಾಗಿ ಸುಮಾರು 4 ಸಾವಿರ ಹೋಯಿತು. ಈಗ ಹಳೇ ಮರದ ಪೆಟ್ಟಿಗೆಯೊಳಗೆ 60 ವಾಟ್ ಬಲ್ಬು ಹಾಕಿ, ನೆಕ್ಕನ್ನು ಮೊದಲು ಅದರಲ್ಲಿ ಒಣಗಿಸಿಕೊಳ್ಳುತ್ತೇನೆ.

ಜೆಮ್ ಬಳ್ಳಿಯನ್ನೇ ನಕಲು ಮಾಡಲು ಮನಸ್ಸಾಗಲಿಲ್ಲ. ವೀಳ್ಯದ ಬಳ್ಳಿ ಹಾಕಿದೆ. ಅದರ ಎಲೆ ಗುಳಿ ಕೊರೆಯುವ 0.8 ಮಿ.ಮೀ. ಬಿಟ್‌ಗೆ ಸಲೀಸು, ಕಿರಿದಾದ ಮೂಲೆ ಒಂದೇ, ತುದಿಯಲ್ಲಿ. ದಂಟಿಗೆ ಹಿತ್ತಾಳೆ ತಂತಿ. ಎಲೆಗಳೆಲ್ಲ ಫ್ರೆಟ್‌ಗಳ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ನಡುವೆಯೇ ಇರಲಿ, ಫ್ರೆಟ್ ಕೂರುವ ಸೀಳನ್ನು ದಾಟಿಸಿದರೆ ಮತ್ತೆ ಗರಗಸ ಹಾಕುವಾಗ ಚೂರು ಹಾರುತ್ತದೆ. 12ನೇ ಫ್ರೆಟ್ಟಿನಲ್ಲಿ ಜೋಡಿ ಎಲೆ, ಜೊತೆಗೆ ಒಂದು ಅಡಿಕೆ. ಅಡಿಕೆಯನ್ನು ಗೆರಟೆಯಲ್ಲಿ ಮಾಡಿದ್ದೆ, ಆದರೆ ಬೀಟೆಯ ಮೇಲೆ ಗೆರಟೆ ಕಾಣುವುದೇ ಇಲ್ಲ. ತಿಳಿ ಬಣ್ಣದ ಮೇಪಲ್ ಮರದ ನೆಕ್ಕಿಗೆ ಮಾತ್ರ 6 ಮಿ.ಮೀ. ಗೆರಟೆ ಡಾಟ್ (ಗುರುತಿನ ಚುಕ್ಕಿ) ಬಹಳ ಚಂದ, ಖರ್ಚು ಸೊನ್ನೆ. ಆ ಹುಚ್ಚಿನಲ್ಲಿ ಅಡಿಕೆ ಹಾಳೆಯನ್ನೂ ಪ್ರಯತ್ನಿಸಿದ್ದೆ. ಅದು ಗ್ಲೂ ಕುಡಿದು ಕಪ್ಪಾಯಿತು, ಬಿಟ್ಟುಬಿಡಿ.

ಮಾಸ್ಕ್ ಇಲ್ಲದೆ ಚಿಪ್ಪು ಉಜ್ಜಬೇಡಿ. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನಾನು ನೀರು ಚಿಮುಕಿಸಿಯೇ ಉಜ್ಜುವುದು.

ಹುಡುಗನಿಂದ ತೆಗೆದುಕೊಂಡದ್ದು 3 ಸಾವಿರ, ನಷ್ಟವೇ. ಈಗ ಬಳ್ಳಿಗೆ 6 ಸಾವಿರದಿಂದ ಮೇಲೆ, ಫ್ರೆಟ್ ಕೆಲಸ ಬೇರೆ. ಸದ್ಯ ಕುಂಬಳೆಯ ಒಬ್ಬರು ಬೇಸ್ ಗಿಟಾರಿಗೆ ಯಕ್ಷಗಾನದ ಕಿರೀಟ ಬೇಕು ಅಂತ ಮುಂಗಡ ಕೊಟ್ಟಿದ್ದಾರೆ. ಮಳೆ ಬಿಡುವವರೆಗೆ ಮುಟ್ಟುವುದಿಲ್ಲ ಎಂದಿದ್ದೇನೆ.