ಗಿಟಾರ್‌ಗೆ ಮುಂಚೆ ಚಿಪ್: ಹಳೆಯ ವಿಡಿಯೋ ಗೇಮ್ ದನಿಯಲ್ಲಿ ಮೆಟಲ್‌ಕೋರ್ ಹಾಡು ಕಟ್ಟುವ ಬಗೆ

ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ಮೆಟಲ್‌ಕೋರ್ ಹಾಡಿಗೆ ಹಳೆಯ ವಿಡಿಯೋ ಗೇಮಿನ ದನಿ ಬೆರೆಸುವವರು ಮಾಡುವ ಮೊದಲ ತಪ್ಪು, ಅದನ್ನು ಕೊನೆಗೆ ಬೆರೆಸುವುದು. ಗಿಟಾರ್, ಡ್ರಮ್, ಕಿರುಚಾಟ ಎಲ್ಲ ರೆಕಾರ್ಡ್ ಆದ ಮೇಲೆ ಕೀಬೋರ್ಡಿನಿಂದ ನಾಲ್ಕು ಬೀಪ್ ಉದುರಿಸಿದರೆ, ಒಗ್ಗರಣೆ ಮರೆತ ಸಾರಿಗೆ ಎಲೆಯ ಮೇಲೆ ಹಸಿ ಸಾಸಿವೆ ಹಾಕಿದ ಹಾಗಿರುತ್ತದೆ. ಕ್ಯಾಲಿಫೋರ್ನಿಯಾದ ಹಾರ್ಸ್ ದ ಬ್ಯಾಂಡ್ ತಂಡದ ಜೊತೆ ‘ನಿಂಟೆಂಡೊಕೋರ್’ ಎಂಬ ಹೆಸರು ತಮಾಷೆಯಾಗಿ ಅಂಟಿಕೊಂಡಿತು. ಅವರ 2003ರ ‘ಆರ್. ಬೊರ್ಲ್ಯಾಕ್ಸ್’, 2005ರ ‘ದ ಮೆಕ್ಯಾನಿಕಲ್ ಹ್ಯಾಂಡ್’ ಕೇಳಿ. ಕೀಬೋರ್ಡ್ ಅಲ್ಲಿ ಅಲಂಕಾರವಲ್ಲ, ಮತ್ತೆ ಮತ್ತೆ ಬರುವ ಗಿಟಾರ್ ತುಣುಕಾದ ರಿಫ್‌ನ ಪಾಲುದಾರ. ಬ್ರಿಂಗ್ ಮಿ ದ ಹರೈಜನ್ 2020ರಲ್ಲಿ ‘ಪೋಸ್ಟ್ ಹ್ಯೂಮನ್: ಸರ್ವೈವಲ್ ಹಾರರ್’ಗೆ ಹಿಡಿದ ದಾರಿ ಬೇರೆ: 2016ರ ‘ಡೂಮ್’ ಆಟದ ಸಂಗೀತಗಾರ ಮಿಕ್ ಗಾರ್ಡನ್ ಜೊತೆ ಕೆಲಸ ಮಾಡಿ ಇಂದಿನ ಆಟಗಳ ಒರಟು ದನಿ ತಂದರು. ಇಲ್ಲಿ ಹೇಳುವುದು ಮೊದಲ ದಾರಿ.

ಬೇಕಾದದ್ದು ವಿಂಡೋಸ್ ಕಂಪ್ಯೂಟರ್ ಮತ್ತು ಉಚಿತವಾಗಿ ಸಿಗುವ ಫ್ಯಾಮಿಟ್ರ್ಯಾಕರ್ ಎಂಬ ಟ್ರ್ಯಾಕರ್, ಅಂದರೆ ಸ್ವರಗಳನ್ನು ಸಾಲುಸಾಲಾಗಿ ಬರೆದು ಹಳೆಯ ಗೇಮ್ ಚಿಪ್‌ನ ದನಿಯಲ್ಲಿ ನುಡಿಸುವ ತಂತ್ರಾಂಶ. ನಿಂಟೆಂಡೊ ಕಂಪನಿಯ ಎನ್‌ಇಎಸ್ ಗೇಮ್ ಪೆಟ್ಟಿಗೆಯ ಧ್ವನಿ ಚಿಪ್‌ನಲ್ಲಿ ಇರುವುದೇ ಐದು ಚಾನೆಲ್: ಎರಡು ಪಲ್ಸ್ (ಚೌಕ ಅಲೆ), ಒಂದು ಟ್ರಯಾಂಗಲ್ (ತ್ರಿಕೋನ ಅಲೆ), ಒಂದು ನಾಯ್ಸ್ (ಸರಸರ ಸದ್ದು), ಇನ್ನೊಂದು ಚಿಕ್ಕ ಸ್ಯಾಂಪಲ್ ನುಡಿಸುವ ಡಿಪಿಸಿಎಂ. ಪಲ್ಸ್‌ಗೆ ವಾಲ್ಯೂಮ್ 0ಯಿಂದ 15ರವರೆಗೆ. ಟ್ರಯಾಂಗಲ್‌ಗೆ ವಾಲ್ಯೂಮೇ ಇಲ್ಲ, ನುಡಿದರೆ ಪೂರ್ತಿ, ಇಲ್ಲದಿದ್ದರೆ ಮೌನ. ಹಾಡಿನ ವೇಗ, ಶ್ರುತಿ ಎರಡನ್ನೂ ಈ ಚಿಪ್ ಒಪ್ಪುವ ಹಾಗೆ ಮೊದಲೇ ಗೊತ್ತುಮಾಡಿಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯಿತು.

ಮೊದಲು ವೇಗ. ಟ್ರ್ಯಾಕರ್ ಸೆಕೆಂಡಿಗೆ 60 ಫ್ರೇಮ್‌ನಂತೆ ಓಡುತ್ತದೆ. ಒಂದು ಬೀಟ್‌ಗೆ 4 ಸಾಲು, ಒಂದು ಸಾಲಿಗೆ 6 ಫ್ರೇಮ್ ಇಟ್ಟರೆ 150 ಬಿಪಿಎಂ (ನಿಮಿಷಕ್ಕೆ 150 ಬೀಟ್); 5 ಫ್ರೇಮ್ ಇಟ್ಟರೆ 180. ಈ ಎರಡೂ ಕರಾರುವಾಕ್ಕು. 170 ಬೇಕೆಂದು ಹಟ ಹಿಡಿದರೆ ಒಂದು ಸಾಲು 5 ಫ್ರೇಮ್, ಇನ್ನೊಂದು 6 ಫ್ರೇಮ್ ಆಗಿ, ನಡುನಡುವೆ ಸುಮಾರು 17 ಮಿಲಿಸೆಕೆಂಡ್ ಕುಂಟುತ್ತದೆ. ಮೆಲ್ಲನೆಯ ಹಾಡಿನಲ್ಲಿ ಇದು ನಡೆದುಹೋಗಬಹುದು. ಎರಡು ಕಾಲಲ್ಲೂ ಬಡಿಯುವ ಡಬಲ್ ಬಾಸ್ ಡ್ರಮ್ ತಾಳದ ಗ್ರಿಡ್‌ಗೆ ಅಂಟಿಕೊಂಡು ಓಡುವಾಗ ಮಾತ್ರ ಚಿಪ್ ಎಡವಿದ್ದು ಯಾರಿಗಾದರೂ ಕೇಳುತ್ತದೆ. 150 ಅಥವಾ 180 ಆರಿಸಿಕೊಳ್ಳಿ, ಡ್ರಮ್ಮರ್‌ನನ್ನು ಅದಕ್ಕೆ ಒಪ್ಪಿಸಿ.

ಇನ್ನು ಶ್ರುತಿ. ಪಲ್ಸ್ ಚಾನೆಲ್ ಇಳಿಯಬಲ್ಲ ತಳ ಸುಮಾರು 54.6 ಹರ್ಟ್ಸ್. ಅತಿ ದಪ್ಪ ತಂತಿಯನ್ನು ಎ ಸ್ವರಕ್ಕೆ ಇಳಿಸಿದ (ಡ್ರಾಪ್ ಎ) ಗಿಟಾರಿನಲ್ಲಿ ಆ ತೆರೆದ ತಂತಿ 55 ಹರ್ಟ್ಸ್, ಅಂದರೆ ಕೂದಲೆಳೆಯಲ್ಲಿ ಪಾರು. ಡ್ರಾಪ್ ಜಿಗೆ ಇಳಿಸಿದರೆ 49. ರಿಫ್ ಅನ್ನು ಪಲ್ಸ್ ಅದೇ ಸ್ಥಾಯಿಯಲ್ಲಿ ಹಿಂಬಾಲಿಸಲಾರದು. ಮೇಲೆ ಹೋದಂತೆ ಇನ್ನೊಂದು ತೊಂದರೆ: ಚಿಪ್‌ನ ಸ್ವರಗಳ ನಡುವಿನ ಮೆಟ್ಟಿಲು ದೊಡ್ಡದಾಗುತ್ತದೆ. 2093 ಹರ್ಟ್ಸ್‌ನ ಸಿ ಸ್ವರಕ್ಕೆ ಸಿಗುವ ಅತಿ ಹತ್ತಿರದ ಮೆಟ್ಟಿಲೇ 14 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ ಒಂದು ಸೆಂಟ್) ಮೇಲಿದೆ. ಲೀಡ್ ಗಿಟಾರ್ ಅದೇ ಸ್ವರ ಹಿಡಿದರೆ ಎರಡೂ ಒಂದನ್ನೊಂದು ಕಚ್ಚುತ್ತವೆ. ಜಂಟಿ ಲೀಡ್ ಅನ್ನು ಒಂದು ಸ್ಥಾಯಿ ಕೆಳಗೆ ಬರೆಯಿರಿ.

ಅಂಗೈಯಿಂದ ತಂತಿ ಒತ್ತಿ ದನಿ ಮೊಟಕುಮಾಡಿದ (ಪಾಮ್ ಮ್ಯೂಟ್) ಗಿಟಾರಿನ ಜೊತೆ ಪಲ್ಸ್ ಕೂರಬೇಕಾದರೆ ಅದರ ವಾಲ್ಯೂಮ್ ಸರಣಿಗೆ 15, 11, 6, 2, 0 ಎಂದು ಕೊಡಿ, ಫ್ರೇಮಿಗೆ ಒಂದು ಅಂಕಿ. 180ರ ವೇಗದಲ್ಲಿ ಹದಿನಾರನೇ ಭಾಗದ ಒಂದು ಪೆಟ್ಟು ಸರಿಯಾಗಿ 5 ಫ್ರೇಮ್. ದನಿ ತಂತಿಯ ಜೊತೆಗೇ ಸಾಯುತ್ತದೆ.

ಕಷ್ಟವಿರುವುದು ಟ್ರಯಾಂಗಲ್‌ನಲ್ಲಿ. ಕಿಕ್ ಡ್ರಮ್ಮೂ ಬಾಸೂ ಅದೊಂದರಲ್ಲೇ ಬರಬೇಕು. ಇನ್‌ಸ್ಟ್ರುಮೆಂಟ್‌ನ ಆರ್ಪೆಜಿಯೊ (ಫ್ರೇಮಿಗೊಂದು ಸ್ವರ ಬದಲಿಸುವ) ಸರಣಿಯನ್ನು ‘ಫಿಕ್ಸೆಡ್’ಗೆ ಇಟ್ಟು, ಮೂರು ಫ್ರೇಮ್‌ನಲ್ಲಿ ಸುಮಾರು 260, 130, 65 ಹರ್ಟ್ಸ್‌ನ ಸ್ವರಗಳನ್ನು ಇಳಿಸಿ; ಸರಣಿ ಮುಗಿದೊಡನೆ ಚಾನೆಲ್ ನೀವು ಬರೆದ ಬಾಸ್ ಸ್ವರಕ್ಕೆ ಮರಳುತ್ತದೆ. ಕಿವಿಗೆ ‘ದಬ್’ ಎಂದು ಕೇಳುತ್ತದೆ. ಆದರೆ 180ರ ವೇಗದಲ್ಲಿ ಡಬಲ್ ಬಾಸ್ ಡ್ರಮ್ ಓಡುವಾಗ ಐದರಲ್ಲಿ ಮೂರು ಫ್ರೇಮ್ ಕಿಕ್‌ಗೇ ಹೋದರೆ ಬಾಸ್‌ಗೆ ಉಳಿಯುವುದು ಎರಡು, ಅಂದರೆ 33 ಮಿಲಿಸೆಕೆಂಡ್. ಡ್ರಾಪ್ ಎ ತಂತಿಗಿಂತ ಒಂದು ಸ್ಥಾಯಿ ಕೆಳಗಿನ ಬಾಸ್, ಅಂದರೆ 27.5 ಹರ್ಟ್ಸ್‌ನ ಒಂದು ಅಲೆ ಪೂರ್ತಿಯಾಗಲು 36 ಬೇಕು! ಸ್ವರ ಹುಟ್ಟುವುದೇ ಇಲ್ಲ, ಬರೀ ಕಟಕಟ. ಅಂಥ ಕಡೆ ಕಿಕ್ ಅನ್ನು ಎರಡು ಫ್ರೇಮಿಗೆ ಇಳಿಸಿ, ಬಾಸ್ ಅನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತಿ. ಬಾಸ್ ಗಿಟಾರ್ ಇದ್ದಾಗ ಟ್ರಯಾಂಗಲ್ ಅದೇ ಸ್ವರ ನುಡಿಸಲೇಬಾರದು: ಎರಡರ ಅಲೆಗಳು ಕೆಲವೊಮ್ಮೆ ಕೂಡುತ್ತವೆ, ಕೆಲವೊಮ್ಮೆ ಕಳೆಯುತ್ತವೆ, ತಳ ಹೊಯ್ದಾಡುತ್ತದೆ.

ಪಲ್ಸ್‌ನ ಬಣ್ಣ ಬದಲಿಸುವುದು ಡ್ಯೂಟಿ, ಅಂದರೆ ಅಲೆ ಎಷ್ಟು ಪಾಲು ಹೊತ್ತು ಮೇಲಿರುತ್ತದೆ ಎಂಬುದು: 12.5 ಶೇಕಡಾ ಇಟ್ಟರೆ ತೆಳು, ಮೂಗಿನ ದನಿ. 50 ಇಟ್ಟರೆ ದುಂಡು. 75 ಕೇಳಲು 25ರಂತೆಯೇ. ನಮ್ಮಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ಅಗ್ಗದ ಗೇಮ್ ಪೆಟ್ಟಿಗೆಗಳು ನಕಲು ಚಿಪ್‌ನವು, ಅಂಥ ಹಲವು ಚಿಪ್‌ಗಳಲ್ಲಿ 25 ಮತ್ತು 50 ಅದಲುಬದಲಾಗಿರುತ್ತವೆ. ಬಾಲ್ಯದ ಆ ದನಿಯೇ ಬೇಕೆಂದರೆ ಈ ಎರಡನ್ನು ತಿರುಗುಮುರುಗು ಮಾಡಿ ನೋಡಿ.

ಕಾಮಿಕ್ಸ್ ಕಥೆಯ ಆಲ್ಬಂ ಆದರೆ ಈ ಬಣ್ಣಗಳೇ ಪಾತ್ರಗಳಾಗಬಹುದು. ಖಳನಿಗೆ 12.5, ನಾಯಕನಿಗೆ 50, ಒಬ್ಬೊಬ್ಬರಿಗೂ ನಾಲ್ಕು ಬಾರ್‌ನ ಒಂದು ಧುನ್; ಸಮಯ ಮೀರುತ್ತಿದೆ ಎನ್ನುವ ಕಡೆ ಅದೇ ಧುನ್ 150ರಿಂದ 180ಕ್ಕೆ ಜಿಗಿಯಲಿ. ಬ್ರೇಕ್‌ಡೌನ್ (ಹಾಡು ನಿಧಾನವಾಗಿ ಭಾರವಾಗುವ ಭಾಗ) ಎಂದರೆ ಇಡೀ ಪುಟ ತುಂಬುವ ಒಂದೇ ಚಿತ್ರ. ಅದಕ್ಕೆ ಮುಂಚೆ ಚೌಕಗಳ ನಡುವಿನ ಬಿಳಿ ಜಾಗದಂತೆ ಒಂದು ಬೀಟ್ ಪೂರ್ತಿ ಮೌನ ಬೇಕು. ಈ ಮೌನ ಕೆಡಿಸುವುದು ಗಿಟಾರಿನ ಗುಂಯ್ ಮತ್ತು ರಿವರ್ಬ್‌ನ ಬಾಲ. ಸಣ್ಣ ಸದ್ದನ್ನು ತಾನೇ ಮುಚ್ಚುವ ನಾಯ್ಸ್ ಗೇಟ್ ನಂಬಬೇಡಿ, ಎಲ್ಲ ಟ್ರ್ಯಾಕ್‌ಗಳನ್ನೂ ಕೈಯಾರೆ ಕತ್ತರಿಸಿ. ಹಳೆಯ ಆಟದ ಧುನ್ ಎತ್ತಿಕೊಳ್ಳುವ ಆಸೆ ಬೇಡ: ಪಲ್ಸ್ ಅಲೆಗೆ ಯಾರ ಹಕ್ಕೂ ಇಲ್ಲ, ಧುನ್‌ಗೆ ಇದೆ.

ಚಾನೆಲ್‌ಗಳನ್ನು ಒಂದೊಂದಾಗಿ ವೇವ್ ಫೈಲ್ ಮಾಡಿ ತೆಗೆಯಿರಿ. 44.1 ಕಿಲೋಹರ್ಟ್ಸ್‌ನ ಫೈಲನ್ನು ಪರಿವರ್ತಿಸದೆ 48ರ ಪ್ರಾಜೆಕ್ಟ್‌ಗೆ ಎಳೆದರೆ ಸುಮಾರು 9 ಶೇಕಡಾ ವೇಗ ಹೆಚ್ಚಿ, ಶ್ರುತಿ ಒಂದೂವರೆ ಸೆಮಿಟೋನ್ ಏರುತ್ತದೆ. ಮಿಕ್ಸಿಂಗ್‌ನಲ್ಲಿ ಗಿಟಾರ್‌ಗಳು ಎಡ, ಬಲದ ತುದಿಗೆ, ಚಿಪ್ ನಡುವೆ. ಪಲ್ಸ್‌ನಲ್ಲಿ 250–300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಅದು ಗಿಟಾರ್‌ನ ಜಾಗ. ಹಾಡುವವರೂ ನಡುವೆಯೇ ಇರುವುದರಿಂದ ಕಿರುಚುವಾಗ ಚಿಪ್ ಬಿಡುವು ತೆಗೆದುಕೊಳ್ಳಲಿ, ಸಾಲಿನ ಕೊನೆಗೆ ಉತ್ತರ ಕೊಡಲಿ. ಸೈಡ್‌ಚೈನ್‌ನಿಂದ (ಹಾಡುವ ದನಿ ಬಂದಾಗ ಚಿಪ್ ತಾನೇ ತಗ್ಗುವ ಏರ್ಪಾಡು) 3 ಡೆಸಿಬಲ್ ತಗ್ಗಿಸುವುದಕ್ಕಿಂತ ಇದು ಚೆನ್ನ. ಮಟ್ಟವನ್ನು ಸ್ಪೀಕರ್ ತೀರಾ ಸಣ್ಣಗಿಟ್ಟು ಹೊಂದಿಸಿ. ಜೋರಾಗಿ ಕೇಳುವಾಗ ಗಿಟಾರ್ ಗೋಡೆಯಲ್ಲಿ ಮರೆಯಾಗುವ ಪಲ್ಸ್, ಫೋನಿನಲ್ಲಿ ಸೂಜಿಯಂತೆ ಚುಚ್ಚುತ್ತದೆ.

ವೇದಿಕೆಗೆ ಅಸಲಿ ಗೇಮ್ ಪೆಟ್ಟಿಗೆ ಒಯ್ಯುವುದು ನೋಡಲು ಚಂದ. ಆದರೆ ಅಮೆರಿಕ, ಜಪಾನ್ ಮಾದರಿ ಓಡುವುದು 60ರಲ್ಲಲ್ಲ, 60.1 ಫ್ರೇಮ್‌ನಲ್ಲಿ, ಮೂರು ನಿಮಿಷದ ಹಾಡಿನಲ್ಲಿ ಡ್ರಮ್ಮರ್ ಕೇಳುವ ತಾಳದ ಟಕ್ ಟಕ್, ಅಂದರೆ ಕ್ಲಿಕ್‌ಗಿಂತ 0.3 ಸೆಕೆಂಡ್ ಮುಂದೆ ಹೋಗುತ್ತದೆ. ಲ್ಯಾಪ್‌ಟಾಪಿನಿಂದ ಒಂದೇ ಸ್ಟೀರಿಯೊ ಫೈಲ್ ನುಡಿಸಿ: ಎಡಕ್ಕೆ ಕ್ಲಿಕ್, ಅದು ಡ್ರಮ್ಮರ್‌ನ ಕಿವಿಗೆ ಮಾತ್ರ, ಬಲಕ್ಕೆ ಚಿಪ್, ಅದು ಡಿಐ ಬಾಕ್ಸ್ (ಸಿಗ್ನಲ್ ಅನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಮೂಲಕ ಮಿಕ್ಸರ್‌ಗೆ. ಕೇಬಲ್ ಅದಲುಬದಲಾದರೆ ಸಭೆಗೆಲ್ಲ ಟಕ್ ಟಕ್ ಕೇಳುತ್ತದೆ, ಡ್ರಮ್ಮರ್‌ಗೆ ಮಾತ್ರ ಕೇಳುವುದಿಲ್ಲ. ಎಡದ ಕೇಬಲ್‌ನ ಎರಡೂ ತುದಿಗೆ ಕೆಂಪು ಟೇಪ್ ಸುತ್ತಿಡಿ.