ತದಡಿಯಲ್ಲಿ ಒಂದು ದಿನ: ಭರತಿ, ಇಳಿತ ನೋಡಿಕೊಂಡು

ಗೋಕರ್ಣಕ್ಕೆ ಬಂದವರು ಓಂ ಬೀಚು, ಕುಡ್ಲೆ ನೋಡಿ ವಾಪಸ್ ಹೋಗುತ್ತಾರೆ. ಪಕ್ಕದಲ್ಲೇ ಇರುವ ತದಡಿಗೆ ಬರುವವರು ಕಡಿಮೆ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಬಡಗು ದಡದಲ್ಲಿದೆ ಈ ಮೀನುಗಾರರ ಊರು. ನೋಡಲು ಇಂಥದ್ದೇ ಜಾಗ ಅಂತ ಇಲ್ಲಿಲ್ಲ. ಹಾಗಾಗಿ ನಾನು ಜಾಗಗಳ ಪಟ್ಟಿ ಮಾಡಲಿಲ್ಲ. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ಕೇಳಿಕೊಂಡೆ, ಅಷ್ಟೇ. ಇಲ್ಲಿನ ಜನ ದಿನ ಕಳೆಯುವುದೂ ಹಾಗೇ ಅಲ್ವಾ?

ಬೆಳಿಗ್ಗೆ ಬೇಗ ಬಂದರಿಗೆ ಹೋದೆ. ಬೋಟು ಬಂದು ತಾಗಿದ ಕೂಡಲೇ ಸದ್ದು ಶುರು. ಬುಟ್ಟಿ ಬುಟ್ಟಿ ಬಂಗಡೆ, ತಾರ್ಲೆ, ಶೆಟ್ಲಿ (ಸಿಗಡಿ) ಕೆಳಗಿಳಿಯುತ್ತವೆ, ಅವುಗಳ ಮೇಲೆ ಐಸ್ ಬೀಳುತ್ತದೆ, ದರ ಕೂಗುತ್ತಾರೆ. ಎಲ್ಲರೂ ಅವಸರದಲ್ಲಿರುತ್ತಾರೆ, ದಾರಿಗೆ ಅಡ್ಡ ನಿಲ್ಲಬಾರದು. ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಬೇಕು. ಮೀನು ಮಾರುವ ಅಕ್ಕ ಒಬ್ಬರ ಹತ್ತಿರ ಬಳಚು (ಹೊಳೆಯ ಚಿಪ್ಪುಮೀನು) ಇದೆಯಾ ಅಂದೆ. "ನೀರು ಇಳೀಲಿ ತಡೀರಿ, ಬಳಚು ಆಗ್ಲೇ ಬರೂದು" ಅಂದರು. ನನ್ನ ಇಡೀ ದಿನದ ಯೋಜನೆ ಆ ಒಂದು ಮಾತಿನಲ್ಲೇ ಆಯಿತು.

ಗದ್ದಲ ತಗ್ಗಿದ ಮೇಲೆ ಬಲೆ ದುರಸ್ತಿ ಮಾಡುವವರ ಪಕ್ಕ ನೆರಳಲ್ಲಿ ಕೂತೆ. ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿಯುತ್ತಾರೆ. ಚಪ್ಪಟೆ ಸೂಜಿಗೆ ದಾರ ಸುತ್ತಿರುತ್ತದೆ. ಅದು ಬಲೆಯ ಕಣ್ಣಿನ ಒಳಗೆ ಹೋಗಿ, ಹಿಂದಿನಿಂದ ಬಂದು, ಗಂಟಾಗಿ ಬಿಗಿಯುತ್ತದೆ. ಕೈ ನೋಡುತ್ತಿದ್ದರೆ ಗಂಟು ಯಾವಾಗ ಬಿತ್ತು ಅಂತಲೇ ತಿಳಿಯುವುದಿಲ್ಲ. ಅಳತೆ ಕೋಲು ಏನೂ ಇಲ್ಲ, ಆದರೂ ಹೊಸ ಕಣ್ಣು ಹಳೆಯದರಷ್ಟೇ ಇರುತ್ತದೆ. ಸುಮ್ನೆ ನೋಡುತ್ತಾ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಆ ಊರಲ್ಲಿ ನನಗೆ ಸಿಗಲಿಲ್ಲ.

ಬಿಸಿಲು ಏರುವ ಮುಂಚೆ ಆಟೋ ಹಿಡಿದು ಸಾಣಿಕಟ್ಟಾಕ್ಕೆ ಹೋಗಿ ಬಂದೆ. ಅಳಿವೆಯ ಉಪ್ಪುನೀರನ್ನು ಪಾತಿಗಳಿಗೆ ಬಿಟ್ಟು, ಬಿಸಿಲಲ್ಲಿ ಒಣಗಿಸಿ ಉಪ್ಪು ತೆಗೆಯುವ ಊರು ಅದು. ಕೆಲಸ ನಡೆಯುವುದು ಬೇಸಿಗೆಯಲ್ಲಿ ಮಾತ್ರ. ಇಲ್ಲಿನ ಹರಳು ದಪ್ಪ, ಬಣ್ಣ ತುಸು ಮಾಸಲು. ದಾರಿಯ ಬದಿಯಲ್ಲಿ ಗಜನಿ ಗದ್ದೆಗಳೂ, ಅಂದರೆ ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳೂ ಕಾಣುತ್ತವೆ. ಮಳೆಗಾಲದಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ, ಕೊಯ್ಲು ಆದ ಮೇಲೆ ಭರತಿಯ ನೀರಿನ ಜೊತೆ ಒಳಗೆ ಬರುವ ಶೆಟ್ಲಿ, ಮೀನು. ಒಂದೇ ಗದ್ದೆಯಲ್ಲಿ ಎರಡೂ ಬೆಳೆ.

ಮಧ್ಯಾಹ್ನ ಮೀನೂಟ. ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಎಂಬ ಮಸಾಲೆ ಹಾಕಿದ ಬಂಗಡೆ ಸಾರು. ಜುಮ್ಮನಕಾಯಿ ನಾಲಿಗೆಯನ್ನು ಸ್ವಲ್ಪ ಜುಮ್ ಅನ್ನಿಸುತ್ತದೆ, ಬಂಗಡೆಯ ಹಸಿವಾಸನೆಯನ್ನೂ ತೆಗೆಯುತ್ತದೆ.

ಊಟದ ಮೇಲೆ ತಾರಿ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ಹೋದೆ. ಬೈಕುಗಳೂ ಅದೇ ದೋಣಿಯಲ್ಲಿ ದಾಟುತ್ತವೆ. ಅಷ್ಟೊತ್ತಿಗೆ ನೀರು ಇಳಿಯತೊಡಗಿತ್ತು. ಹುಣ್ಣಿಮೆಯ ಆಸುಪಾಸು ಆದ್ದರಿಂದ ಇಳಿತವೂ ಜಾಸ್ತಿ. ಸಂಜೆಯ ಹೊತ್ತಿಗೆ ನದಿಯ ನಡುವೆ ಮರಳು ದಿಬ್ಬಗಳು ಎದ್ದವು. ಸಣ್ಣ ದೋಣಿಗಳಲ್ಲಿ ಜನ ಬಂದು ಇಳಿದರು. ಸೊಂಟದವರೆಗಿನ ನೀರಲ್ಲಿ ನಿಂತು, ಪಾದದಿಂದ ಕೆಸರು ತಡವಿ, ಬಳಚು ಸಿಕ್ಕಿದ ಕಡೆ ಬಗ್ಗಿ ಹೆಕ್ಕುತ್ತಾರೆ. ಹೆಂಗಸರು, ಗಂಡಸರು ಇಬ್ಬರೂ ಇದ್ದರು. ಬೆಳಿಗ್ಗೆ ಕೇಳಿದ ಮಾತು ಕಣ್ಣೆದುರೇ ನಡೆಯಿತು.

ಈ ಬಳಚು ಇಷ್ಟು ಸಿಗಲು ಕಾರಣ ಹೊಳೆಯೇ. ಶಿರಸಿ ಕಡೆಯಿಂದ ಇಳಿದು ಬರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಸಿಹಿನೀರು, ಉಪ್ಪುನೀರು ಇಲ್ಲಿ ತಮ್ಮ ಲೆಕ್ಕದಂತೆ ಬೆರೆಯುತ್ತವೆ. ತದಡಿಗೆ ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಎಂದೆಲ್ಲ ಯೋಜನೆಗಳು ಬಂದವು, ಜನ ವಿರೋಧಿಸಿದರು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆ ದಿಬ್ಬದ ಮೇಲೆ ಬುಟ್ಟಿ ತುಂಬುವುದನ್ನು ನೋಡಿದ ಮೇಲೆ, ಇದನ್ನು ಯಾಕೆ ಉಳಿಸಬೇಕು ಅಂತ ನನಗೆ ಯಾರೂ ಹೇಳಬೇಕಾಗಿಲ್ಲ.

ಹೋಗುವುದಾದರೆ ತಿಂಗಳು ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಬಂದರು ಖಾಲಿ. ಬಂದರು, ಉಪ್ಪು, ಬಳಚು ಮೂರೂ ಬೇಕು ಅಂದರೆ ಫೆಬ್ರವರಿ, ಮಾರ್ಚ್ ತಿಂಗಳ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು ಹೋಗಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಿಂದಿನ ದಿನವೇ ಬಂದರಿನಲ್ಲಿ ಕೇಳಿಕೊಳ್ಳಿ. ಆಚೆ ದಡಕ್ಕೆ ಇಳಿದ ಕೂಡಲೇ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತಲೂ ಕೇಳಿಬಿಡಿ. ಟೊಪ್ಪಿ, ಕುಡಿಯುವ ನೀರು ಜೊತೆಗಿರಲಿ.