ಗಡುವು ಮೀರಿದೆ ಎಂದವರ ಎದುರು ಗೆದ್ದ ಲೆಕ್ಕ

ಇಂಗ್ಲೆಂಡಿನ ಗೋದಾಮೊಂದರಲ್ಲಿ ಕಾರ್ಮಿಕ ಸಂಘದ ಪ್ರತಿನಿಧಿಯಾಗಿರುವ ನಾನು, ಅನ್ಯಾಯದ ವಜಾ ಪ್ರಕರಣಗಳಲ್ಲಿ ದಿನ ಎಣಿಸುವುದನ್ನು ಕಲಿತದ್ದು ನನ್ನದೇ ಸೋಲಿನಿಂದ. 2015ರಲ್ಲಿ ಹಿಂದಿನ ಕಂಪನಿ ನನ್ನನ್ನು ತೆಗೆದುಹಾಕಿದಾಗ, ಆಂತರಿಕ ಮೇಲ್ಮನವಿ ಮೊದಲು ತೀರ್ಮಾನವಾಗಲಿ ಎಂದು ಕಾದು ಕುಳಿತೆ. ಅದು ನಾಲ್ಕು ತಿಂಗಳು ಎಳೆಯಿತು. ಉದ್ಯೋಗ ನ್ಯಾಯಮಂಡಳಿಗೆ ಹೋಗುವ ಮೊದಲು ಸಂಧಾನಕ್ಕೆಂದು ತಿಳಿಸಬೇಕಾದ ಏಕಾಸ್ ಎಂಬ ಸಂಸ್ಥೆಗೆ ತಿಳಿಸುವ ವೇಳೆಗೆ ಮೂರು ತಿಂಗಳ ಗಡುವು ಮುಗಿದಿತ್ತು. ಮುಗಿದ ಗಡುವಿಗೆ ಏಕಾಸ್ ಒಂದು ದಿನವನ್ನೂ ಸೇರಿಸುವುದಿಲ್ಲ. ಅರ್ಜಿಗೆ ಆಗ 250 ಪೌಂಡ್ ಶುಲ್ಕವಿತ್ತು, ವಿಚಾರಣೆಗೆ ಇನ್ನೂ 950. ನಾನು ವಿಚಾರಣೆಯ ಹಂತ ತಲುಪಲೇ ಇಲ್ಲವಾದ್ದರಿಂದ ಕೈಬಿಟ್ಟು ಹೋದದ್ದು 250 ಮಾತ್ರ. 2017ರಲ್ಲಿ ಸುಪ್ರೀಂ ಕೋರ್ಟ್ ಆ ಶುಲ್ಕವೇ ಕಾನೂನುಬಾಹಿರವೆಂದ ಮೇಲೆ ಅದೂ ಪುಡಿಗಾಸಿನ ಬಡ್ಡಿಯೊಡನೆ ಮರಳಿ ಬಂತು. ಸಾಲಿಸಿಟರ್‌ಗೆ ತೆತ್ತ ಸುಮಾರು 400 ಪೌಂಡ್ ಮಾತ್ರ ಬರಲಿಲ್ಲ.

2022ರಲ್ಲಿ ನಮ್ಮ ಪಾಳಿಯವನೊಬ್ಬನನ್ನು ವಜಾ ಮಾಡಿದರು. ಪತ್ರದ ಮೇಲಿನ ದಿನಾಂಕ ಜುಲೈ 12. ಅವನು ಅದನ್ನು ಒಡೆದು ಓದಿದ್ದು 14ರಂದು. ಓದಿದ ದಿನವೇ ಲೆಕ್ಕಕ್ಕೆ ಬರುತ್ತದೆಂದು ವಾದಿಸಲು 2010ರ ಸುಪ್ರೀಂ ಕೋರ್ಟ್ ತೀರ್ಪು ಇದೆಯಾದರೂ, ಅಂಥ ವಾದದ ಮೇಲೆ ಗಡುವನ್ನು ನಿಲ್ಲಿಸುವ ಧೈರ್ಯ ನನಗಿಲ್ಲ. ವಜಾದ ದಿನವೂ ಎಣಿಕೆಗೆ ಸೇರುವುದರಿಂದ ಒಂದು ಲೆಕ್ಕದಲ್ಲಿ ಅಕ್ಟೋಬರ್ 11, ಇನ್ನೊಂದರಲ್ಲಿ 13 ಕೊನೆಯ ದಿನ. ಆದ್ದರಿಂದ 10ರಂದೇ ಏಕಾಸ್‌ಗೆ ತಿಳಿಸಿದೆ. ಆರು ವಾರ ಕಳೆದು ನವೆಂಬರ್ 21ರಂದು ಸಂಧಾನ ಮುಗಿಯಿತೆಂಬ ಪ್ರಮಾಣಪತ್ರ ಬಂತು.

ತಕರಾರು ಎದ್ದದ್ದು ಇಲ್ಲಿ. ಸಂಧಾನದ 42 ದಿನಗಳನ್ನು ಕೂಡಿಸಿದರೆ ನವೆಂಬರ್ 22 ಅಥವಾ 24 ಬರುತ್ತದೆ. ಅಷ್ಟಕ್ಕೇ ಬಾಗಿಲು ಮುಚ್ಚುತ್ತದೆ ಎಂದು ಸಂಘದ ಹಿರಿಯರೂ ಹೇಳಿದರು, ಕಂಪನಿಯ ವಕೀಲರೂ ಆಮೇಲೆ ಇಟಿ3ರಲ್ಲಿ, ಅಂದರೆ ಅರ್ಜಿಗೆ ಕೊಟ್ಟ ಉತ್ತರದಲ್ಲಿ, ಬರೆದರು. ಆದರೆ ಹಾಗೆ ಕೂಡಿಸಿ ಬಂದ ದಿನವು ಪ್ರಮಾಣಪತ್ರ ಬಂದ ಒಂದು ತಿಂಗಳೊಳಗೆ ಬಿದ್ದರೆ, ಗಡುವು ಆ ತಿಂಗಳ ಕೊನೆಗೆ ಸರಿಯುತ್ತದೆ. ಎರಡು ನಿಯಮಗಳು ಒಂದರ ಬದಲಿಗೆ ಇನ್ನೊಂದಲ್ಲ, ಒಂದಾದ ಮೇಲೊಂದು. ಜುಲೈ 12ರಿಂದ ಎಣಿಸಿದರೂ 14ರಿಂದ ಎಣಿಸಿದರೂ ಕೊನೆಗೆ ಬಂದು ನಿಲ್ಲುವುದು ಡಿಸೆಂಬರ್ 21ಕ್ಕೆ. ಕಂಪನಿಯಿಂದ ಕೇಳಿದ್ದ ದಾಖಲೆಗಳು ಡಿಸೆಂಬರ್ ಮೊದಲ ವಾರ ಕೈಸೇರಿದ್ದರಿಂದ, ಅವನ್ನು ಓದಿಕೊಂಡು 19ರಂದು ಇಟಿ1, ಅಂದರೆ ನ್ಯಾಯಮಂಡಳಿಯ ಅರ್ಜಿ, ಸಲ್ಲಿಸಿದೆ. "ಇವನು ಹುಡುಗನ ಕೇಸನ್ನು ಮುಳುಗಿಸಿದ" ಎಂಬ ಮಾತು ಕ್ಯಾಂಟೀನಿನಲ್ಲಿ ತಿಂಗಳುಗಟ್ಟಲೆ ಓಡಾಡಿತು.

ಪ್ರಾಥಮಿಕ ವಿಚಾರಣೆ ವಿಡಿಯೊ ಮೂಲಕ ನಡೆಯಿತು. ಆ ಎರಡು ನಿಯಮಗಳು ಒಂದಾದ ಮೇಲೊಂದು ಎಂದು ಹೇಳಿದ, ಲೂಟನ್ ಬರೋ ಕೌನ್ಸಿಲ್ ಕಕ್ಷಿಯಾಗಿದ್ದ 2018ರ ಮೇಲ್ಮನವಿ ತೀರ್ಪನ್ನೂ ಒಂದು ಪುಟದ ದಿನಾಂಕಪಟ್ಟಿಯನ್ನೂ ಮುಂದಿಟ್ಟೆ. ಎದುರಿನ ಬ್ಯಾರಿಸ್ಟರ್ ಮಾತು ಮುಗಿಸಲು ಅರ್ಧ ಗಂಟೆ ಬೇಕಾಯಿತು, ನನಗೆ ಐದು ನಿಮಿಷ ಸಾಕಾಯಿತು. ಅರ್ಜಿ ಸಕಾಲದ್ದೇ ಎಂದು ತೀರ್ಮಾನವಾದ ಎರಡೇ ವಾರಕ್ಕೆ ಕಂಪನಿ ರಾಜಿಗೆ ಬಂತು. ಸುಮಾರು 9,000 ಪೌಂಡ್ ಸಿಕ್ಕಿದ ನೆನಪು. ಗೆದ್ದರೆ ಮಾತ್ರ ಶುಲ್ಕ ಎನ್ನುವ ಸಾಲಿಸಿಟರ್‌ಗಳು ಶೇ. 35ರವರೆಗೆ ಕೇಳಬಹುದು. ಹುಡುಗನಿಗೆ ಅದೂ ಉಳಿಯಿತು.

ನಡುವೆ ಸ್ಪ್ರೆಡ್‌ಶೀಟಿನಲ್ಲಿ ಮೂರು ತಿಂಗಳನ್ನು 90 ದಿನವೆಂದು ಹಾಕಿ ನೋಡಿದ್ದೆ. ಜುಲೈ 14ಕ್ಕೆ ಅದು ಎರಡು ದಿನ ಮುಂಚೆಯೇ ನಿಂತಿತು, ಅದರಿಂದ ನಷ್ಟವೇನೂ ಇಲ್ಲ. ಆದರೆ ಫೆಬ್ರವರಿ 1ರ ವಜಾಕ್ಕೆ ಗಡುವು ಏಪ್ರಿಲ್ 30. ಅಧಿಕ ವರ್ಷವಲ್ಲದಿದ್ದರೆ 90 ಎಣಿಸಿದವನು ಮೇ 1ಕ್ಕೆ ತಲುಪಿ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಆ ಹಾಳೆಯನ್ನು ಅಳಿಸಿ, ಈಗ ಗೋಡೆಯ ಕ್ಯಾಲೆಂಡರಿನಲ್ಲೇ ಬೆರಳಿಟ್ಟು ಎಣಿಸುತ್ತೇನೆ. ಏಕಾಸ್‌ಗೆ ತಿಳಿಸುವ ದಿನವನ್ನು ಆರಿಸುವುದರಲ್ಲಿ ಇನ್ನೊಂದು ಕಿಟುಕಿದೆ. ಸದ್ಯ ನಡೆಯುತ್ತಿರುವ ಪ್ರಕರಣವೊಂದರಲ್ಲಿ ಅದನ್ನು ಬಳಸಿರುವುದರಿಂದ ಇಲ್ಲಿ ಬರೆಯುತ್ತಿಲ್ಲ. 2025ರ ಡಿಸೆಂಬರ್‌ನಿಂದ ಸಂಧಾನದ ಅವಧಿ ಆರರ ಬದಲು 12 ವಾರವಾಗಿದೆ. ಹೀಗಾಗಿ ನನ್ನ ದಿನಾಂಕಪಟ್ಟಿಯ ನಮೂನೆಯನ್ನು ಮತ್ತೆ ಬರೆಯಬೇಕಾಗಿ ಬಂದಿದೆ.